ಎಂಟಕ್ಷರದ ಬೀರಪ್ಪ

ನಮ್ಮ ಮನೆಯ ಮಿಕ್ಸರಿನ ಸಣ್ಣ ಜಾರಿಗೆ ನಾನೊಂದು ಚೀಟಿ ಅಂಟಿಸಿದ್ದೇನೆ. ‘ಇದಕ್ಕೆ ನೀಲಿ ಮುಚ್ಚಳ ಕೂಡುವುದಿಲ್ಲ. ಕೂಡಿದ ಹಾಗೆ ನಟಿಸಿ ಚಟ್ನಿ ಹಾರಿಸುತ್ತದೆ.’ ಹಿತ್ತಲಿನ ನಲ್ಲಿಯ ಪಕ್ಕ ಇನ್ನೊಂದು ಚೀಟಿ: ‘ಎಡಕ್ಕೆ ಪೂರ್ತಿ ತಿರುಗಿಸಬೇಡಿ, ಕೈಗೇ ಬರುತ್ತದೆ.’ ಟಾರ್ಚು, ಇಸ್ತ್ರಿ ಪೆಟ್ಟಿಗೆ, ಅಟ್ಟದ ಏಣಿ, ಎಲ್ಲಕ್ಕೂ ಒಂದೊಂದು ಇದೆ. ಬನಹಟ್ಟಿಯಲ್ಲಿ ನಾಲ್ಕು ಮಗ್ಗ ನಡೆಸುವ ನಮ್ಮ ಯಜಮಾನರು ಮನೆಗೆ ಬಂದ ಬೀಗರಿಗೆಲ್ಲ ಇದನ್ನು ತೋರಿಸಿ ನಗಿಸುತ್ತಾರೆ. ಒಂದು ದಿನ ಮುಂಜಾನೆ ನನ್ನ ಬೆನ್ನಿಗೇ ಒಂದು ಚೀಟಿ ಅಂಟಿಸಿಬಿಟ್ಟರು: ‘ಚಹಾಕ್ಕಿಂತ ಮೊದಲು ಮಾತಾಡಿಸಬೇಡಿ.’ ನಾನು ಅದನ್ನು ಹೊತ್ತುಕೊಂಡೇ ಕಿರಾಣಿ ಅಂಗಡಿಗೆ ಹೋಗಿ ಬಂದೆ. ಅಂಗಡಿಯವನು ಮಾತಿಲ್ಲದೆ ಸಕ್ಕರೆ ಕಟ್ಟಿಕೊಟ್ಟಾಗಲೇ ನನಗೆ ಸಂಶಯ ಬರಬೇಕಿತ್ತು.

ಈ ಚಟ ನನಗೆ ಎಲ್ಲಿಂದ ಅಂಟಿತು ಎಂದು ಹೋದ ತಿಂಗಳು ಗೊತ್ತಾಯಿತು. ಮಿಕ್ಸರಿನ ಗ್ಯಾರಂಟಿ ಕಾಗದ ಹುಡುಕಲು ಹಳೆಯ ಟ್ರಂಕು ತೆಗೆದೆ. ಕಾಗದ ಸಿಗಲಿಲ್ಲ, ಸಿಗುವುದೂ ಇಲ್ಲ. ಸಿಕ್ಕಿದ್ದು ಮಾಸಿದ ರಟ್ಟಿನ ಒಂದು ನೋಟುಬುಕ್ಕು. ಮೇಲೆ ನನ್ನದೇ ಅಕ್ಷರ: ‘ಪಟ್ಟಿ. ತಿದ್ದುಪಡಿಗಳು, ಮತ್ತು ಯಾವುದಕ್ಕೆ ಯಾವುದು ಕೂಡುವುದಿಲ್ಲ ಎಂಬ ಟಿಪ್ಪಣಿಗಳು. ಸುನಂದಾ.’ ಕೆಳಗೆ ಎರಡು ಗೀಟು ಬೇರೆ. ಏನೋ ದೊಡ್ಡದನ್ನು ಕಂಡುಹಿಡಿದವಳ ಹಾಗೆ ಎಳೆದ ಗೀಟು ಅವು.

‘ಪಟ್ಟಿ’ ಎಂಬುದು ನಾನು ಕಂಪ್ಯೂಟರಿಗೆ ಬರೆದ ಒಂದು ಬ್ಯಾಚ್ ಫೈಲು. ಹಾಗೆಂದರೆ ಏನು ಎಂದು ಕೇಳಿದರೆ ನಾನು ಹುನ್ನೂರಿನ ನಮ್ಮ ಆಯಿಯ, ಅಂದರೆ ಅಜ್ಜಿಯ, ಕಥೆಯಿಂದಲೇ ಶುರು ಮಾಡಬೇಕು. ಆಯಿ ತೇರದಾಳಕ್ಕೆ ಬಸದಿಗೆ ಹೊರಟಾಗ ನನ್ನನ್ನು ನಿಲ್ಲಿಸಿಕೊಂಡು ಕೆಲಸ ಹೇಳಿ ಹೋಗುತ್ತಿದ್ದಳು. ಮೊದಲು ಎಮ್ಮೆಗೆ ನೀರಿಡು, ಆಮೇಲೆ ಹಾಲು ಕಾಸು, ಆಮೇಲೆ ಬಾಗಿಲು ಎಳೆದು ಮುಂದೆ ಮಾಡು. ಒಂದು ಸಲ ಎಮ್ಮೆಯನ್ನು ಆಗಲೇ ಮೇಯಲು ಹೊಡೆದುಕೊಂಡು ಹೋಗಿದ್ದರು. ನಾನು ಬಕೆಟ್ ತುಂಬ ನೀರು ಹೊತ್ತು ಖಾಲಿ ಗೂಟದ ಮುಂದೆ ಇಟ್ಟು, ಹಾಲು ಕಾಸಲು ಹೋದೆ. ಹೇಳಿದ್ದನ್ನು ಹೇಳಿದ ಸರದಿಯಲ್ಲಿ ಮಾಡಿದ್ದೆ, ಎಮ್ಮೆ ಇದೆಯೋ ಇಲ್ಲವೋ ನೋಡುವುದು ಆ ಯಾದಿಯಲ್ಲಿ ಇರಲಿಲ್ಲ. ಬ್ಯಾಚ್ ಫೈಲು ಮಾಡುವುದು ಇಷ್ಟನ್ನೇ. ನಾವು ಬರೆದಿಟ್ಟ ಆಜ್ಞೆಗಳನ್ನು ಒಂದಾದ ಮೇಲೊಂದು ನಡೆಸುತ್ತ ಹೋಗುತ್ತದೆ. ತೊಂಬತ್ತೇಳರ ಸುಮಾರಿಗೆ ಜಮಖಂಡಿಯಲ್ಲಿ, ಭಾಂಡೆ ಪಾತ್ರೆಗಳ ಅಂಗಡಿಯ ಮಾಳಿಗೆ ಮೇಲಿನ ಕಂಪ್ಯೂಟರ್ ಕ್ಲಾಸಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಂದು ಮಷೀನಿಗೆ ಮೂವರು ಕೂತು ಇದನ್ನು ಕಲಿತಾಗ, ನನಗೆ ನನ್ನದೇ ಸ್ವಭಾವದ ಯಾರೋ ಸಿಕ್ಕ ಹಾಗಾಗಿತ್ತು.

ಕ್ಲಾಸು ಮುಗಿದ ಮೇಲೆ ಬೀಳಗಿಯ ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಣೆಕಟ್ಟಿನ ಹಿನ್ನೀರು ಏರುತ್ತಿದ್ದ ಕಾಲ ಅದು. ಹೊಳೆದಂಡೆಯ ಊರುಗಳನ್ನು ಎತ್ತಿ ಮೇಲಿನ ಬಯಲಿಗೆ ಒಯ್ಯಬೇಕಿತ್ತು. ಯಾವ ಮನೆಯವರಿಗೆ ಹೊಸ ಊರಿನಲ್ಲಿ ಜಾಗ ಎಂಬ ಯಾದಿ ಮಾಡುವುದು ನಮ್ಮ ಕೆಲಸ. ಜಮಖಂಡಿಯಿಂದ ದಿನಾ ಬಸ್ಸಿಗೆ ಹೋಗಿ, ಸರ್ವೆಯವರು ತಂದ ಕಾಗದ ನೋಡಿ ನಾನು ಒಂದೊಂದೇ ಮನೆಯನ್ನು ಮಷೀನಿಗೆ ಏರಿಸುತ್ತಿದ್ದೆ. ಬೇಸರ ಬಂದು ‘ಪಟ್ಟಿ’ ಬರೆದೆ. ಪಟ್ಟಿ ಎಂದು ಒತ್ತಿ, ಒಂದು ಜಾಗ ಬಿಟ್ಟು ಮನೆ ಯಜಮಾನನ ಹೆಸರು ಒತ್ತಿದರೆ ಸಾಕು, ಖಾಲಿ ಅರ್ಜಿಯ ನಕಲೊಂದು ಆ ಹೆಸರಿನ ಫೈಲಾಗಿ ತೆರೆಯ ಮೇಲೆ ಬರುತ್ತಿತ್ತು. ತುಂಬಿ ಮುಗಿಸಿದರೆ ತಾನಾಗಿ ಫ್ಲಾಪಿಗೆ ಹೋಗಿ ಕೂರುತ್ತಿತ್ತು. ನಾನು ಅದನ್ನು ನಡೆಸುವಾಗ ಬೇಕಂತಲೇ ಕೀಲಿಗಳನ್ನು ಜೋರಾಗಿ ಒತ್ತುತ್ತಿದ್ದೆ, ಪಕ್ಕದ ಕೋಣೆಯವರು ಬಂದು ನೋಡಲಿ ಎಂದು.

ನೋಟುಬುಕ್ಕಿನ ಮೊದಲ ತಿದ್ದುಪಡಿ ಓದಿ ಈಗಲೂ ನಗು ಬಂತು. ಫ್ಲಾಪಿ ಮರೆತರೆ ತೆರೆಯ ಮೇಲೆ ನಾನು ಇಂಗ್ಲಿಷ್ ಅಕ್ಷರಗಳಲ್ಲಿ ‘ಫ್ಲಾಪಿ ಹಾಕು’ ಎಂದು ಬರುವ ಹಾಗೆ ಮಾಡಿದ್ದೆ. ಒಂದು ದಿನ ನಮ್ಮ ಸಾಹೇಬರು ತಾವೇ ಕೂತು ನಡೆಸಿದರು. ಮಷೀನು ಅವರಿಗೆ ‘ಹಾಕು’ ಎಂದಿತು. ಅವರು ಎದ್ದು ಹೋದರು, ಆ ದಿನ ಎರಡು ಸಲ ನನ್ನನ್ನು ‘ಸುನಂದಾಬಾಯಿಯವರೇ’ ಎಂದು ಉದ್ದಕ್ಕೆ ಕರೆದರು. ಮರುದಿನವೇ ತಿದ್ದುಪಡಿ ಒಂದು: ‘ಹಾಕ್ರಿ’. ಮುಧೋಳದಿಂದ ತಂದ ಎರಡನೆಯ ಮಷೀನು ಇನ್ನೊಂದು ತರಹದ್ದು. ತಾರೀಖು ಹೇಳುವಾಗ ತಿಂಗಳನ್ನು ಮೊದಲು ಹೇಳುತ್ತಿತ್ತು. ‘ಮುಧೋಳದ ಮಷೀನಿಗೆ ಕೂಡುವುದಿಲ್ಲ’ ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ನಾಲ್ಕನೆಯ ತಿದ್ದುಪಡಿಯ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಹೆಸರು ಕೊಡದೆ ಬರೀ ‘ಪಟ್ಟಿ’ ಎಂದು ಒತ್ತಿದರೆ ಮುಂದೆ ಹೋಗದೆ ‘ಹೆಸರು ಹೇಳ್ರಿ’ ಎಂದು ತಡೆದು ನಿಲ್ಲಿಸುತ್ತಿತ್ತು. ಇನ್ನು ತಪ್ಪಾಗಲು ಸಾಧ್ಯವೇ ಇಲ್ಲ ಎಂದುಕೊಂಡೆ.

ಆ ಕಾಲದ ಮಷೀನಿನಲ್ಲಿ ಫೈಲಿನ ಹೆಸರು ಎಂಟು ಅಕ್ಷರ ಮೀರುವಂತಿರಲಿಲ್ಲ. ಮೀರಿದರೆ ಸದ್ದಿಲ್ಲದೆ ಕತ್ತರಿಸಿಬಿಡುತ್ತಿತ್ತು, ಯಮನಪ್ಪ ಬಾಲ ಕಳೆದುಕೊಂಡು ಯಮನಪ್ಪ್ ಆಗುತ್ತಿದ್ದ. ಆದರೆ ಬೀರಪ್ಪನನ್ನು ಇಂಗ್ಲಿಷಿನಲ್ಲಿ ಬರೆದು ಎಣಿಸಿ ನೋಡಿ, ಸರಿಯಾಗಿ ಎಂಟು. ಮೊದಲ ಬೀರಪ್ಪ ಬಂದಾಗ ನನಗೆ ಖುಷಿಯೇ ಆಗಿತ್ತು. ಈ ಮಷೀನು ಮಾಡಿದವರು ನಮ್ಮ ಹೊಳೆದಂಡೆಯವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾರೆ ಎಂದು ಹೊಗಳಿದ್ದೆ.

ಎರಡನೆಯ ಬೀರಪ್ಪ ಬಂದಾಗ ಏನಾಯಿತು ಎಂಬುದನ್ನು ನಾನು ನೋಡಲಿಲ್ಲ. ನಕಲು ಮಾಡುವ ಆಜ್ಞೆಯನ್ನು ಕೈಯಿಂದ ಒತ್ತಿದರೆ ಆ ಮಷೀನು ‘ಇದೇ ಹೆಸರಿನದು ಒಂದಿದೆ, ಅದರ ಮೇಲೆ ಬರೆಯಲೇ?’ ಎಂದು ಕೇಳುತ್ತಿತ್ತು. ಬ್ಯಾಚ್ ಫೈಲಿನೊಳಗಿಂದ ಅದೇ ಆಜ್ಞೆ ಹೋದರೆ ಕೇಳುತ್ತಿರಲಿಲ್ಲ, ಮೊದಲಿನದನ್ನು ಅಳಿಸಿ ಹೊಸದನ್ನು ಇಡುತ್ತಿತ್ತು. ನಾನು ಹೆಸರು ಹೇಳದೆ ಬಿಡುವ ಆ ಊರಿನಲ್ಲಿ ಮನೆದೇವರು ಬೀರೇಶ್ವರ. ಮನೆಗೊಬ್ಬ ಮಗನಿಗೆ ಆ ಹೆಸರು ಇಡಲೇಬೇಕು. ಊರಿನವರಿಗೆ ಇದರಿಂದ ತೊಂದರೆಯಿರಲಿಲ್ಲ. ಅವರಲ್ಲಿ ಕರಿ ಬೀರಪ್ಪ, ಕುರಿ ಬೀರಪ್ಪ, ಸತ್ತೆವ್ವನ ಬೀರಪ್ಪ ಎಂದೆಲ್ಲ ಇದ್ದರು. ನನ್ನ ಯಾದಿಯಲ್ಲಿ ಒಬ್ಬನೇ ಉಳಿದ, ಎಲ್ಲರಿಗಿಂತ ಕೊನೆಗೆ ಏರಿಸಿದ ಬೀರಪ್ಪ.

ಜಾಗದ ಚೀಟಿಗಳನ್ನು ಗುಡಿಯ ಕಟ್ಟೆಯ ಮೇಲೆ ಸಾಹೇಬರೇ ಓದಿ ಹಂಚಿದರು. ನನ್ನನ್ನೂ ಕರೆದುಕೊಂಡು ಹೋಗಿದ್ದರು, ಕಂಪ್ಯೂಟರಿನ ಬಾಯಾರು, ಅಂದರೆ ಮೇಡಮ್ಮು, ಎಂದು ಕುರ್ಚಿ ಹಾಕಿ ಕೂರಿಸಿದ್ದರು. ‘ಬೀರಪ್ಪ’ ಎಂದು ಕೂಗಿದಾಗ ಹನ್ನೊಂದು ಜನ ಎದ್ದು ನಿಂತರು. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಸಾಹೇಬರು ಅಪ್ಪನ ಹೆಸರು ಸೇರಿಸಿ ಓದಿದರು, ಒಬ್ಬ ಮುಂದೆ ಬಂದು ಚೀಟಿ ತೆಗೆದುಕೊಂಡ. ಉಳಿದ ಹತ್ತು ಜನ ತಮ್ಮ ಸರದಿ ಬರುತ್ತದೆಂದು ಹಾಗೇ ನಿಂತಿದ್ದರು. ಮಲ್ಲಪ್ಪ ಬಂದ, ಸಿದ್ದಪ್ಪ ಬಂದ, ಯಲ್ಲಪ್ಪನೂ ಬಂದು ಹೋದ. ಚೀಟಿ ಮುಗಿದವು. ಆ ಹತ್ತು ಜನ ಇನ್ನೂ ನಿಂತೇ ಇದ್ದರು. ಅವರಲ್ಲೊಬ್ಬ ತಲೆಯ ಪಟಕಾ ಸರಿಮಾಡಿಕೊಂಡು ನನ್ನ ಕಡೆ ನೋಡಿದ.

ಕಚೇರಿಗೆ ಬಂದು ಫ್ಲಾಪಿ ಹಾಕಿ ನೋಡಿದೆ. ಒಂದೇ ಬೀರಪ್ಪ, ಎಂಟಕ್ಷರದಲ್ಲಿ ಅಚ್ಚುಕಟ್ಟಾಗಿ ಕೂತಿದ್ದ. ಸಿದ್ದಪ್ಪ, ಯಲ್ಲಪ್ಪಗಳ ಮಾತು ಹಾಗಲ್ಲ, ಆ ಊರಲ್ಲಿ ಅವರು ಒಬ್ಬೊಬ್ಬರೇ ಇದ್ದರು. ಮೊದಲು ಸರ್ವೆಯವರನ್ನು ಬಯ್ದುಕೊಂಡೆ, ಆಮೇಲೆ ಮಷೀನನ್ನು. ಸಾಹೇಬರು ಬಾಗಿಲಲ್ಲಿ ನಿಂತು, ಮಷೀನ್ ತಪ್ಪು ಮಾಡತೈತೇನ್ರಿ ಎಂದು ಕೇಳಿದರು. ಹೌದು ಎಂದಿದ್ದರೆ ನಂಬುತ್ತಿದ್ದರು, ಅವರಿಗೆ ಅದರ ಮೇಲೆ ಮೊದಲೇ ಸಿಟ್ಟಿತ್ತು.

“ಇಲ್ಲರಿ ಸರ್, ತಪ್ಪು ನಾ ಮಾಡೇನಿ” ಎಂದೆ.

ಸರ್ವೆಯ ಮೂಲ ಕಾಗದಗಳು ಗಂಟು ಕಟ್ಟಿ ಮೇಲಿನ ಕಚೇರಿಗೆ ಹೋಗಿಬಿಟ್ಟಿದ್ದವು. ಆ ಊರಿನ ಯಾದಿ ಮುಚ್ಚಲು ಎಂಟು ದಿನ ಉಳಿದಿತ್ತು. ಅಷ್ಟರೊಳಗೆ ಹೆಸರು ಸೇರದಿದ್ದರೆ ಅವರಿಗೆ ಹೊಸ ಊರಿನಲ್ಲಿ ಜಾಗವಿಲ್ಲ, ಮುಂದಿನ ಹಂತ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಮಳೆಗಾಲದಲ್ಲಿ ನೀರು ಮಾತ್ರ ಬರುವುದು ಖರೆ. ಸಾಹೇಬರು ಒಂದು ದಾರಿ ಹೇಳಿದರು. ಬಿಟ್ಟುಹೋದವರು ಗೋಡೆಯ ಮೇಲೆ ಸರ್ವೆಯವರು ಕೆಂಪು ಬಣ್ಣದಲ್ಲಿ ಬರೆದ ಮನೆ ನಂಬರು ತೆಗೆದುಕೊಂಡು ಬೀಳಗಿಗೆ ಬರಲಿ, ನೀವು ಹೊಸದಾಗಿ ಏರಿಸಿ, ಆಮೇಲೆ ನಾನೇ ಹೋಗಿ ಗೋಡೆ ನೋಡಿ ಸಹಿ ಮಾಡುತ್ತೇನೆ ಎಂದು. ಮರುದಿನ ಹತ್ತೂ ಬೀರಪ್ಪಗಳು ಒಂದೇ ಟೆಂಪೋದಲ್ಲಿ ಬಂದಿಳಿದರು. ನಾನು ಅವರಿಗೆ ಬೀರ್ ಒಂದು, ಬೀರ್ ಎರಡು ಎಂದು ಅಂಕಿ ಹಚ್ಚಿ ಏರಿಸಿದೆ. ಎದ್ದು ನಿಂತವರು ಹನ್ನೊಂದು, ಯಾದಿಯಲ್ಲಿ ಹನ್ನೊಂದು. ‘ತಿದ್ದುಪಡಿ ಐದು. ಬೀರಪ್ಪಗಳ ಸಮಸ್ಯೆ ಮುಗಿಯಿತು’ ಎಂದು ಬರೆದು ನಿರಾಳವಾಗಿ ಮಂಡಕ್ಕಿ ತಿಂದೆ.

ಏಳನೆಯ ದಿನ ಮಧ್ಯಾಹ್ನ ಗಂಗವ್ವ ಬಂದಳು. ಐವತ್ತರ ಹತ್ತಿರದ ವಯಸ್ಸು, ಹಣೆ ಬರಿದು, ಸೆರಗಿನಲ್ಲಿ ಏನೋ ಭಾರದ ಗಂಟು. ತನ್ನ ಮನೆಗೂ ಚೀಟಿ ಬಂದಿಲ್ಲ ಎಂದಳು. ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ನಮ್ಮ ಮನಿಯವರ ಹೆಸರಿನ್ಯಾಗ, ಅವರು ಹೋಗಿ ಆರು ತಿಂಗಳಾತು ಎಂದಳು. ಹೆಸರೇನು ಎಂದೆ. ಅವಳು ಸೆರಗಿನ ಗಂಟನ್ನು ಎದೆಗೆ ಒತ್ತಿಕೊಂಡಳು. ನಾನು ಮತ್ತೆ ಕೇಳಿದೆ. ಅವಳು ತೆರೆಯನ್ನು ನೋಡಿದಳು, ಕಿಟಕಿ ನೋಡಿದಳು, ನನ್ನನ್ನು ನೋಡಲಿಲ್ಲ.

ನನಗೆ ಆಯಿ ನೆನಪಾದಳು. ತನ್ನ ಗಂಡನ, ಅಂದರೆ ನಮ್ಮ ಮುತ್ಯಾನ ಹೆಸರನ್ನು ಆಯಿ ಒಂದು ದಿನವೂ ಬಾಯಲ್ಲಿ ಅಂದವಳಲ್ಲ. ಅದೇ ಹೆಸರಿನ ಪಕ್ಕದ ಮನೆಯ ಹುಡುಗನನ್ನೂ ‘ಏ ಇವನ’ ಎಂದೇ ಕರೆಯುತ್ತಿದ್ದಳು. ಮದುವೆ ಮನೆಯಲ್ಲಿ ಒಡಪು ಕಟ್ಟಿ ಹೇಳುವಾಗ ಮಾತ್ರ, ಪ್ರಾಸದ ನಡುವೆ ಹುದುಗಿಸಿ, ಆ ಹೆಸರು ಹೊರಬರುತ್ತಿತ್ತು. ಆಗ ಆಯಿ ನಾಚಿಕೊಳ್ಳುವುದನ್ನು ನೋಡಲೆಂದೇ ನಾವು ಹುಡುಗಿಯರು ಮುಂದೆ ಹೋಗಿ ಕೂರುತ್ತಿದ್ದೆವು. ಅದು ನೆನಪಾಗಿ, ಬಹಳ ಜಾಣತನ ಮಾಡಿದೆ ಎಂದುಕೊಂಡು ನಾನು ಗಂಗವ್ವನಿಗೆ, ಹಾಗೇ ಹೇಳಲು ಬರದಿದ್ದರೆ ಒಂದು ಒಡಪು ಹಾಕಿಯಾದರೂ ಹೇಳವ್ವಾ ಎಂದುಬಿಟ್ಟೆ.

“ಒಡಪು ಹಾಕಿದ್ರ ಕೇಳಾಕ ಅವರು ಇರಬೇಕಲ್ಲ ಬಾಯಾರ” ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ನನಗೆ ತಿಳಿಯದ್ದನ್ನು ತಿಳಿಸಿದ ಹಾಗೆ ಹೇಳಿದಳು. ನಾನು ಮಷೀನಿನ ಕಡೆ ತಿರುಗಿದೆ. ತೆರೆಯ ಮೇಲೆ ನನ್ನ ಹೆಮ್ಮೆಯ ನಾಲ್ಕನೆಯ ತಿದ್ದುಪಡಿ ಮಿಣಮಿಣ ಎನ್ನುತ್ತಿತ್ತು, ಹೆಸರು ಹೇಳ್ರಿ, ಹೆಸರು ಹೇಳ್ರಿ. ಆಗ ಹೊಳೆಯಿತು. ಇವಳ ಗಂಡನೂ ಬೀರಪ್ಪನೇ; ಸರ್ವೆಯ ಕಾಗದದಲ್ಲಿ ಹನ್ನೆರಡು ಬೀರಪ್ಪಗಳಿದ್ದರು, ಆ ದಿನ ಕಟ್ಟೆಯ ಮುಂದೆ ಎದ್ದು ನಿಲ್ಲಲು ಒಬ್ಬ ಬದುಕಿರಲಿಲ್ಲ. ನಾನು ನಿಂತವರನ್ನಷ್ಟೇ ಎಣಿಸಿದ್ದೆ. ಇವಳು ಹೆಂಗಸರ ನಡುವೆ ಬೇವಿನ ಮರದ ಕೆಳಗೆ ಕೂತು, ಯಾರಾದರೂ ಕೇಳಿಯಾರು ಎಂದು ಕಾಯ್ದು ಎದ್ದು ಹೋಗಿದ್ದಳು.

ಮನೆ ನಂಬರು ಬರೆದುಕೊಂಡು ಬಂದಿದ್ದೀಯೇನು ಎಂದು ಕೇಳಿದೆ. ಅವಳು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಮಣ್ಣಿನ ಹೆಂಟೆ ಇಟ್ಟಳು. ಅಂಗೈಗಿಂತ ದೊಡ್ಡದು, ಒಂದು ಮಗ್ಗುಲಿಗೆ ಸುಣ್ಣ, ಸುಣ್ಣದ ಮೇಲೆ ಕೆಂಪು ಬಣ್ಣದಲ್ಲಿ ನಲವತ್ತೇಳು, ಓರೆ ಗೀಟು, ಎರಡು. ಆ ಗೀಟಿಗೆ ನಮ್ಮ ಕಡೆ ಬಟಾ ಎನ್ನುತ್ತಾರೆ. ಅಣ್ಣತಮ್ಮಂದಿರು ಪಾಲಾದ ಮನೆ ಎಂದು ಅದರರ್ಥ. ಗೋಡೆಯ ಗಿಲಾವನ್ನು ಕುಡುಗೋಲಿನಿಂದ ಕೊರೆದು ನಂಬರನ್ನೇ ಕಿತ್ತು ತಂದಿದ್ದಳು. ನನ್ನ ಕೀಲಿಮಣೆಯ ಮೇಲೆಲ್ಲ ಮಣ್ಣು ಉದುರಿತು.

ಯಾರ ಕೈಯಲ್ಲಾದರೂ ಬರೆಸಿಕೊಂಡು ಬರಬಾರದಿತ್ತೇ ಎಂದೆ. ಬರೆಸಿದ್ದಳಂತೆ. ಬರೆದವನು ಬಟಾ ಎರಡು ಬಿಟ್ಟು ಬರೀ ನಲವತ್ತೇಳು ಬರೆದುಕೊಟ್ಟಿದ್ದನಂತೆ. ಅದು ಮೈದುನನ ಮನೆ ಎಂದು ಬಸ್ಸಿನಲ್ಲಿ ಯಾರೋ ಓದಿ ಹೇಳಿದ ಮೇಲೆ ವಾಪಸು ಹೋಗಿ ಕುಡುಗೋಲು ಹಿಡಿದಿದ್ದಳು.

“ನಕಲ ಮಾಡಿದ್ರ ತಪ್ಪತೈತ್ರಿ. ಅದಕ್ಕ ಖರೇದ್ನ ತಂದೇನಿ.”

ಆರು ತಿಂಗಳ ಕ್ಲಾಸಿನಲ್ಲಿ ನನಗೆ ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ನಾನು ಹೆಸರಿನ ಜಾಗದಲ್ಲಿ ಮನೆ ನಂಬರು ಒತ್ತಿದೆ. ಮಷೀನು ಒಪ್ಪಲಿಲ್ಲ. ಫೈಲಿನ ಹೆಸರಿನಲ್ಲಿ ಓರೆ ಗೀಟು ಅದಕ್ಕೆ ನಡೆಯುವುದಿಲ್ಲ, ಅದನ್ನು ಬೇರೇನೋ ಆಜ್ಞೆ ಎಂದುಕೊಳ್ಳುತ್ತದೆ. ಅದಕ್ಕೇ ಮೊದಲು ನಾನು ನಂಬರು ಬಿಟ್ಟು ಹೆಸರು ಹಿಡಿದದ್ದು. ಈಗ ಓರೆ ಗೀಟಿನ ಜಾಗದಲ್ಲಿ ಅಡ್ಡ ಗೀಟು ಹಾಕಿದೆ. ಸುಮ್ಮನೆ ತೆಗೆದುಕೊಂಡಿತು. ಒಂದು ಊರಿನಲ್ಲಿ ಇಬ್ಬರಿಗೆ ಒಂದೇ ನಂಬರು ಇರುವುದಿಲ್ಲ. ಒಳಗೆ ಯಜಮಾನನ ಹೆಸರು ಬರೆಯುವ ಜಾಗ ಬಂದಾಗ ನಾನು ಬೀರಪ್ಪ ಎಂದು ಒತ್ತಿ, ತೆರೆಯನ್ನು ಅವಳ ಕಡೆ ತಿರುಗಿಸಿ, ಹೌದಲ್ಲ ಎಂದು ಕಣ್ಣಲ್ಲೇ ಕೇಳಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಸೆರಗು ಸರಿಮಾಡಿಕೊಂಡು ಹೌದೆಂದು ಗೋಣು ಹಾಕಿದಳು.

ಮರುದಿನವೇ ಕೊನೆಯ ದಿನ. ಸಾಹೇಬರು ಗೋಡೆ ನೋಡಲು ಹೊರಟರು, ನಾನೂ ಜೀಪು ಹತ್ತಿದೆ. ಹತ್ತೂ ಬೀರಪ್ಪಗಳ ಗೋಡೆ ಸರಿಯಾಗಿದ್ದವು, ಹತ್ತು ಸಹಿ ಬಿದ್ದವು. ಗಂಗವ್ವನ ಮನೆಯ ಮುಂದೆ ಸಾಹೇಬರು ಪೆನ್ನು ಮುಚ್ಚಿ ನಿಂತರು. ಬಾಗಿಲ ಪಕ್ಕ ನಂಬರಿರಲಿಲ್ಲ, ತೂತಿತ್ತು. ನಾನು ಹೆಂಟೆಯ ಕಥೆ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ, ಅಂದ ಮಾತಿನಲ್ಲೂ ನ್ಯಾಯವಿತ್ತು. ಯಾರ ಗೋಡೆಯ ಮಣ್ಣನ್ನು ಯಾರು ಬೇಕಾದರೂ ಕಿತ್ತುಕೊಂಡು ಬರಬಹುದು, ಗೋಡೆಯ ಮೇಲೆ ಇಲ್ಲದ್ದನ್ನು ಇದೆ ಎಂದು ನಾನು ಹೇಗೆ ಬರೆಯಲಿ ಎಂದರು. ಅವಳ ಮನೆ ನನ್ನಿಂದಾಗಿ ಒಮ್ಮೆ ಅಳಿಸಿಹೋಗಿತ್ತು, ಈಗ ಎರಡನೆಯ ಸಲ ಅಳಿಸಿಹೋಗುತ್ತದೆ ಎಂದುಕೊಂಡೆ.

ಗಂಗವ್ವ ಒಳಗೆ ಹೋದಳು. ದೇವರ ಮಾಡದ ಗೂಡಿನಲ್ಲಿ ವಾಪಸು ತಂದಿಟ್ಟಿದ್ದ ಹೆಂಟೆ ತೆಗೆದುಕೊಂಡು ಬಂದು, ಚೆಂಬಿನ ನೀರಲ್ಲಿ ಅಂಚು ತೋಯಿಸಿ, ತೂತಿಗೆ ಇಟ್ಟು ಅಂಗೈಯಿಂದ ಒತ್ತಿದಳು. ಕೂತಿತು. ಕೊರೆಯುವಾಗ ಬಟಾ ಗೀಟಿನ ಬಾಲದ ತುದಿ ಗೋಡೆಯ ಮೇಲೆಯೇ ಉಳಿದಿತ್ತು, ನಾವಾರೂ ನೋಡಿರಲಿಲ್ಲ. ಈಗ ಹೆಂಟೆಯ ಮೇಲಿನ ಕೆಂಪು ಗೀಟು ಗೋಡೆಯ ಮೇಲಿನ ಕೆಂಪು ಬಾಲಕ್ಕೆ ಬಂದು ಸೇರಿ ಒಂದಾಯಿತು. ನನ್ನ ಮಷೀನು ಬೇಡವೆಂದ ಅದೇ ಗೀಟು. ಸಾಹೇಬರು ಕನ್ನಡಕ ಮೇಲೆ ಮಾಡಿ, ಬೆರಳಿನಿಂದ ಗೀಟಿನುದ್ದಕ್ಕೂ ಒಮ್ಮೆ ಎಳೆದು ನೋಡಿದರು. ಆಮೇಲೆ ಗೋಡೆಗೇ ಕಾಗದ ಹಿಡಿದು ಸಹಿ ಮಾಡಿದರು. ನನಗೆ ಅಳು ಬಂದಿತ್ತು, ಧೂಳೆಂದು ಹೇಳಿ ಜೀಪಿನ ಹಿಂದೆ ಹೋಗಿ ನಿಂತೆ.

‘ತಿದ್ದುಪಡಿ ಆರು. ಫೈಲಿಗೆ ಮನೆ ನಂಬರಿನ ಹೆಸರು, ಬಟಾ ಬದಲು ಅಡ್ಡ ಗೀಟು. ನಕಲು ಮಾಡುವ ಮೊದಲು ಅದೇ ಹೆಸರಿನದು ಇದೆಯೇ ನೋಡಬೇಕು, ಇದ್ದರೆ ನಿಲ್ಲಬೇಕು.’ ಎಮ್ಮೆ ಇದೆಯೋ ಇಲ್ಲವೋ ನೋಡುವುದನ್ನು ನಾನು ಕಡೆಗೂ ಯಾದಿಗೆ ಸೇರಿಸಿದ್ದೆ. ಆಮೇಲೆ ಆ ಯಾದಿ ಮೇಲಿನ ಕಚೇರಿಗೆ ಹೋಯಿತು, ನನಗೆ ಮದುವೆಯಾಗಿ ನಾನು ಬನಹಟ್ಟಿಗೆ ಬಂದೆ. ಉದ್ದ ಹೆಸರು ಒಪ್ಪುವ ಹೊಸ ಮಷೀನುಗಳು ಬಂದವು, ‘ಪಟ್ಟಿ’ಯನ್ನು ಕೇಳುವವರಿಲ್ಲವಾಯಿತು. ಗಂಗವ್ವನಿಗೆ ಜಾಗ ಸಿಕ್ಕಿತೋ, ಮನೆ ಕಟ್ಟಿದಳೋ, ಕೇಳಲು ನನಗೆ ಧೈರ್ಯವಾಗಿರಲಿಲ್ಲ. ಇಲ್ಲ ಎಂದರೆ ಏನು ಮಾಡುವುದು ಎಂಬ ಹೆದರಿಕೆಯಲ್ಲೇ ಹದಿನೈದು ವರ್ಷ ಕಳೆದಿದ್ದೆ.

ನೋಟುಬುಕ್ಕು ಸಿಕ್ಕ ಮೇಲೆ ಸುಮ್ಮನಿರಲಾಗಲಿಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿದೆ. ಹೊಸ ಊರು ಬಯಲಿನಲ್ಲಿದೆ, ನೇರ ಓಣಿಗಳು, ಪ್ರತಿ ಮನೆಗೂ ತಗಡಿನ ಮೇಲೆ ಹೊಸ ನಂಬರು. ಬೇವಿನ ಗಿಡಗಳು ಆಗಲೇ ನೆರಳು ಕೊಡುವಷ್ಟು ಬೆಳೆದಿವೆ. ಗಂಗವ್ವನ ಮನೆ ಎಂದು ಕೇಳಿದ ಕೂಡಲೇ ಒಬ್ಬ ಹೆಂಗಸು ಕೈ ಮಾಡಿ ತೋರಿಸಿದಳು, ಗೋಡೆಯಲ್ಲಿ ಮಣ್ಣಿರುವ ಮನೆ ಎಂದು.

ಸಿಮೆಂಟಿನ ಗೋಡೆ, ತಿಳಿಹಸಿರು ಬಣ್ಣ. ಬಾಗಿಲ ಪಕ್ಕ ತಗಡಿನ ನಂಬರಿನ ಕೆಳಗೆ, ಸುಣ್ಣ ಬಳಿದ ಮಣ್ಣಿನ ಹೆಂಟೆ ಕೂತಿತ್ತು. ನಲವತ್ತೇಳು ಬಟಾ ಎರಡು. ಕೆಂಪು ಬಣ್ಣವನ್ನು ವರ್ಷ ವರ್ಷ ತಿದ್ದಿದ್ದಾರೆ ಎಂದು ಕಾಣುತ್ತಿತ್ತು. ಗಂಗವ್ವನ ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈ ಮಾತ್ರ ಹಾಗೇ ಗಟ್ಟಿ. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಗುರುತು ಹತ್ತಿದ ಮೇಲೆ ನನ್ನ ಕೈ ಹಿಡಿದುಕೊಂಡು ಗೋಡೆಯ ಹತ್ತಿರ ಕರೆದೊಯ್ದು, ಹೆಂಟೆಯ ಮೇಲೆ ಇಡಿಸಿದಳು. ತಣ್ಣಗಿತ್ತು.

“ಸಿಮೆಂಟಿಗೆ ಮಣ್ಣ ಹಿಡಿಯಂಗಿಲ್ಲ ಅಂದಿದ್ದ ಮನಿ ಕಟ್ಟೋ ಗೌಂಡಿ. ಹಚ್ಚಿ ನೋಡೋ ಅಂದೆ” ಎಂದಳು.

ಸಂಜೆ ಮನೆಗೆ ಬಂದು ನೋಟುಬುಕ್ಕು ತೆಗೆದೆ. ಕೊನೆಯ ಹಾಳೆ ಖಾಲಿಯಿತ್ತು. ಅದರ ಹಿಂದಿನ ಹಾಳೆಗಳಲ್ಲೆಲ್ಲ ಮುಧೋಳದ ಮಷೀನಿಗೆ ಕೂಡುವುದಿಲ್ಲ, ಹಳೆ ಪ್ರಿಂಟರಿಗೆ ಕೂಡುವುದಿಲ್ಲ, ಹೊಸ ಫ್ಲಾಪಿಗೆ ಕೂಡುವುದಿಲ್ಲ ಎಂದೇ ಬರೆದಿದ್ದೇನೆ. ಮಗ್ಗದ ಸದ್ದು ನಿಂತಿತ್ತು. ಯಜಮಾನರು ಬಂದು, ಈಗ ಯಾವುದಕ್ಕೆ ಚೀಟಿ ಬರೆಯುತ್ತಿದ್ದೀ ಎಂದು ಹೆಗಲ ಮೇಲಿಂದ ಇಣುಕಿದರು. ನಾನು ಬರೆದು ಮುಗಿಸಿ ಅವರ ಕೈಗೆ ಕೊಟ್ಟೆ.

‘ಹಳೆಯ ಮಣ್ಣು, ಹೊಸ ಗೋಡೆ. ಕೂಡುತ್ತದೆ. ನಾನೇ ಮುಟ್ಟಿ ನೋಡಿದ್ದೇನೆ.’